ಸಾಯುವ ಸಾಹೇಬ ಬೇಕಾಗಿದ್ದಾನೆ

ಗೆದ್ದ ಊರಿನಲ್ಲಿ ಸೋಲುವವರನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಕಿತ್ತೂರಿನಲ್ಲಿ ವಿಜಯೋತ್ಸವದ ಸಮಿತಿ ಕಟ್ಟಿದವರಿಗೇ ಗೊತ್ತು. ನಮ್ಮ ಓಣಿಯ ಸಮಿತಿಗೆ ನಾನು ಕಾರ್ಯದರ್ಶಿ, ಅಂದರೆ ಎಲ್ಲರ ಕಡೆಯಿಂದಲೂ ಬೈಸಿಕೊಳ್ಳುವವ. ಪ್ರತಿ ವರ್ಷ ಏನಾದರೊಂದು ಫಜೀತಿ ಆಗಿಯೇ ಆಗುತ್ತದೆ. ಆದರೆ ಇಂಗ್ಲಿಷರನ್ನು ಸೋಲಿಸಿ ಇನ್ನೂರು ವರ್ಷ ತುಂಬಿದಾಗ ಆದದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ, ಆಮೇಲೆ ನಕ್ಕದ್ದಕ್ಕೆ ಸಂಕಟವಾಗುತ್ತದೆ.

೧. ಎಲ್ಲರೂ ನಮ್ಮ ಕಡೆ

ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಯುದ್ಧದ ದೃಶ್ಯ ತೋರಿಸುವುದು ನಮ್ಮ ಓಣಿಯ ಪಾಲಿನ ಕೆಲಸ. ಮೊದಲ ಸಭೆಯಲ್ಲಿ "ಯಾರ್ಯಾರು ಏನೇನ ಆಗತೀರಿ?" ಎಂದು ಕೇಳಿದೆ. ಕುಳಿತವರೆಲ್ಲ ಕಿತ್ತೂರಿನ ಸೈನಿಕರಾದರು. ಇಂಗ್ಲಿಷರ ಕಡೆ ಒಂದು ನರಪಿಳ್ಳೆಯೂ ಇಲ್ಲ.

"ಹಿಂಗಾದ್ರ ಯಾರ ಜೋಡಿ ಯುದ್ಧಾ ಮಾಡೂದ್ರಿ?" ಎಂದೆ.

ನಮ್ಮ ಅಧ್ಯಕ್ಷರು ಕಾಳಿನ ವ್ಯಾಪಾರಿ, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವರಲ್ಲ. "ಎದುರಿಗೆ ಯಾರೂ ಇಲ್ಲಂದ್ರ ಗೆಲ್ಲೂದು ಇನ್ನೂ ಹಗರ ಅಲ್ಲೇನ್ರಿ?" ಎಂದರು.

೨. ಗಿರಣಿ ಕಾಕಾ

ಅಲ್ಲಿಯವರೆಗೆ ನಮಗೆ ಈ ಚಿಂತೆ ಇರಲಿಲ್ಲ. ಕಟ್ಟಿಗೆ ಕುದುರೆಯ ಮೇಲಿಂದ ಬಿದ್ದು ಸಾಯುವ ಇಂಗ್ಲಿಷ್ ಸಾಹೇಬನ ಪಾತ್ರ ಯಾವಾಗಲೂ ಹಿಟ್ಟಿನ ಗಿರಣಿಯ ಕಾಕಾನದು. ಹಿಂದೊಮ್ಮೆ ಯಾರೋ "ಹೆಂಗೂ ಹಿಟ್ಟ ಮೆತ್ತಿ ಬೆಳ್ಳಗ ಅದಾರ, ಬಣ್ಣಾ ಉಳಿತೈತಿ" ಎಂದು ಅವರನ್ನು ಟ್ರೇಲರ್ ಹತ್ತಿಸಿದ್ದರು. ಅಂದಿನಿಂದ ಕಾಕಾ ವರ್ಷಾ ವರ್ಷ ಸಾಯುತ್ತಲೇ ಬಂದಿದ್ದರು. ಜನ ನಾಟಕದಲ್ಲಿ ಕೂಗುವಂತೆ "ಒನ್ಸ್ ಮೋರ್" ಎಂದರೆ ಪಾಪ, ಎದ್ದು ಇನ್ನೊಮ್ಮೆ ಬೀಳುತ್ತಿದ್ದರು.

ಈ ಸಲ ಸಭೆಯಲ್ಲಿ ಎದ್ದು ನಿಂತು ಕೈಮುಗಿದರು. "ಡಾಕ್ಟರು ನನ್ನ ಎದಿ ಸೋತೈತಿ ಅಂದಾರ. ಮುಂದಿನ ವರ್ಷ ಇರತೇನೊ ಇಲ್ಲೊ. ಒಂದ ಸಲಾ ನಮ್ಮ ಕಡೆ ನಿಂತು ಗೆಲ್ಲತೇನ್ರಿ."

ಅಧ್ಯಕ್ಷರು, "ಕಾಕಾರ, ನಿಮ್ಮಂಗ ಸಾಯಾಕ ಯಾರಿಗೂ ಬರೂದಿಲ್ರಿ" ಎಂದು ಹೊಗಳಿದರು.

"ಭಾಳ ವರ್ಷದ ರೂಢಿ ನೋಡ್ರಿ," ಎಂದರು ಕಾಕಾ. "ಅದಕ್ಕ ಅಂಜಿಕಿ ಬರತೈತಿ."

೩. ಸಾಹೇಬನ ಹುಡುಕಾಟ

ನೇಸರಗಿಯಲ್ಲಿ ಬೆಳ್ಳಗಿನ ಮಾಸ್ತರರೊಬ್ಬರು ಒಪ್ಪಿದರು. ಅವರ ತಾಯಿ ಚಹಾ ತಂದಿಟ್ಟು, "ಸಾಹೇಬ ಆಗಲಿ. ಆದ್ರ ಲಗ್ನಾ ಆಗಬೇಕಾದ ಹುಡುಗ, ಸಾಯೂದು ಬ್ಯಾಡ. ಕಾಲಿಗೆ ಗಾಯಾ ಮಾಡಿ ಬಿಟ್ಟಬಿಡ್ರಿ" ಎಂದರು. ಇತಿಹಾಸದಲ್ಲಿ ಸಾಹೇಬ ಸತ್ತೇ ಸತ್ತಿದ್ದಾನೆ ಎಂದು ಅಧ್ಯಕ್ಷರು ತಿಳಿಹೇಳಿದರು.

"ಇತಿಹಾಸದಾಗ ನನ್ನ ಮಗಾ ಇದ್ದನೇನು?" ಎಂದವರೇ, ನಾವಿನ್ನೂ ಮುಟ್ಟಿರದ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಕೊನೆಗೆ ಮನೋಳಿಯಲ್ಲಿ ನಾಟಕದ ಹುಚ್ಚಿರುವ ಔಷಧ ಅಂಗಡಿಯವರು ಸಿಕ್ಕರು. ಸಾಯಲು ಅವರ ತಕರಾರೇನಿರಲಿಲ್ಲ. ಒಂದೇ ಷರತ್ತು: "ಒಂದು ಪದಾ ಹಾಡಿ ಸಾಯತೇನ್ರಿ."

"ಇಂಗ್ಲಿಷ್ ಸಾಹೇಬ ಕನ್ನಡ ಪದಾ ಹಾಡತಾನೇನ್ರಿ?" ಎಂದೆ.

"ಏನ ಮಾಡೂದ್ರಿ, ನನಗ ಇಂಗ್ಲಿಷ್ ಪದಾ ಬರೂದಿಲ್ಲ" ಎಂದರು.

೪. ಗೆಲ್ಲುವ ವೇಷ

ಮೆರವಣಿಗೆಯ ದಿನ ಬೆಳಿಗ್ಗೆ ಕಾಕಾ ಮೈಯುಜ್ಜಿ ಹಿಟ್ಟು ತೊಳೆದುಕೊಂಡು ನಮ್ಮ ಮನೆಗೆ ಬಂದರು. ಬೈಲಹೊಂಗಲದಿಂದ ತಂದ ಕೆಂಪು ರುಮಾಲು ಸುತ್ತಿ, ಸೊಂಟಕ್ಕೆ ಕತ್ತಿ ಕಟ್ಟಿದೆವು. ಕನ್ನಡಿ ಬಿಟ್ಟು ಕದಲಲೊಲ್ಲರು. ಮನೆಯವರಿಗೆ ತೋರಿಸಲೆಂದು ಹೋಗಿ ತಮ್ಮ ಮನೆಯ ಬಾಗಿಲು ಬಡಿದರು. ಅವರ ಹೆಂಡತಿ ಕಾಕು ಹೊರಬಂದು, ಸೆರಗು ಸರಿಮಾಡಿಕೊಂಡು ಕೇಳಿದರು: "ಯಾರ ಬೇಕಾಗಿತ್ರಿ?"

೫. ಒನ್ಸ್ ಮೋರ್

ಕೋಟೆಯ ಮುಂದೆ ಟ್ರೇಲರ್ ನಿಂತಿತು. ಮನೋಳಿಯ ಸಾಹೇಬ ಕುದುರೆಯಿಂದ ಬಿದ್ದು ಪದ ಶುರು ಮಾಡಿದ. ಅವನ ಪ್ರಾಣ ಹೋಗುವವರೆಗೂ ಕಾಕಾ ಕತ್ತಿ ಎತ್ತಿ ಹಿಡಿದು ನಿಲ್ಲಬೇಕು. ಪದ ಮುಗಿಯಿತು. ಜನ "ಒನ್ಸ್ ಮೋರ್" ಎಂದರು. ಸಾಹೇಬ ಎದ್ದು, ಮತ್ತೆ ಬಿದ್ದು, ಮೊದಲಿನಿಂದ ಹಾಡತೊಡಗಿದ. ನೆತ್ತಿ ಸುಡುವ ಬಿಸಿಲು. "ಲಗೂನ ಸಾಯ್ರಿ!" ಎಂದು ನಾನು ಕೆಳಗಿನಿಂದ ಒದರಿದೆ. ನಾಟಕದ ಹುಚ್ಚಿನವರು ಅಷ್ಟು ಸುಲಭವಾಗಿ ಸಾಯುತ್ತಾರೆಯೇ?

ಕಾಕಾನ ಕತ್ತಿ ನಿಧಾನವಾಗಿ ಕೆಳಗಿಳಿಯಿತು. ಹಿಂದೆಯೇ ಕಾಕಾ ಕುಸಿದರು, ಪ್ರತಿ ವರ್ಷ ಬೀಳುತ್ತಿದ್ದ ಹಾಗೆಯೇ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳೆಯ ರೂಢಿ ಬಿಡಲಿಲ್ಲ ಎಂದು ನಾನೂ ನಕ್ಕೆ. ಅಧ್ಯಕ್ಷರು ಗಾಬರಿಯಿಂದ ಮೈಕು ಹಿಡಿದರು.

"ಕಾಕಾರ, ಈ ವರ್ಷ ಸಾಯೂದು ನೀವಲ್ರಿ! ನೀವು ಗೆದ್ದೀರಿ! ಏಳ್ರಿ!"

ಸಾಯಬೇಕಾಗಿದ್ದ ಸಾಹೇಬ ಪದವನ್ನು ಅರ್ಧಕ್ಕೆ ಬಿಟ್ಟು ಎದ್ದ. ಕಾಕಾನ ನಾಡಿ ಹಿಡಿದು ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ತನ್ನ ತಲೆಯ ಮೇಲಿನ ಟೋಪಿ ತೆಗೆದ.

ಅದೂ ನಾಟಕವೆಂದೇ ತಿಳಿದು ಜನ ಚಪ್ಪಾಳೆ ತಟ್ಟಿ "ಒನ್ಸ್ ಮೋರ್, ಒನ್ಸ್ ಮೋರ್" ಎಂದು ಕೂಗಿದರು. ಹಾಗೆ ಕೂಗಿದಾಗ ಕಾಕಾ ಏಳದೆ ಇದ್ದದ್ದು ಅದೊಂದೇ ಸಲ.