ಚಾಳೀಸು

ವಯಸ್ಸಾಯಿತೆಂದು ಒಪ್ಪಿಕೊಳ್ಳುವ ಮೊದಲು ಮನುಷ್ಯ ಊರಿನವರನ್ನೆಲ್ಲ ದೂರಿ ಮುಗಿಸುತ್ತಾನೆ. ನಾನು ಮನೆಯ ಬಲ್ಬುಗಳನ್ನು ದೂರಿದೆ, ಪತ್ರಿಕೆಯವರ ಶಾಯಿಯನ್ನು ದೂರಿದೆ, ಔಷಧದ ಬಾಟಲಿಯ ಮೇಲೆ ಇರುವೆ ಗಾತ್ರದ ಅಕ್ಷರ ಅಚ್ಚುಹಾಕುವವರನ್ನಂತೂ ಶಪಿಸಿದೆ. "ನಿಮಗೆ ಚಾಳೀಸು ಬಂದಿದೆ ಕಣ್ರೀ" ಎಂದು ಹೆಂಡತಿ ಹೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ನಾನು ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಆ ಪದ 'ಚಾಳಿ'ಯಿಂದ ಹುಟ್ಟಿದ್ದು, ಕಣ್ಣಿಗೆ ಅಂಟಿದ ಕೆಟ್ಟ ಅಭ್ಯಾಸವೇ ಚಾಳೀಸು ಎಂದು ಹದಿನೈದು ವರ್ಷ ತರಗತಿಯಲ್ಲಿ ಪಾಠ ಮಾಡಿದವನು. ಕಾಫಿ ಬಿಟ್ಟರೆ ಬೇರೆ ಚಾಳಿಯೇ ಇಲ್ಲದ ನನಗೆ ಅದು ಬರುವುದಾದರೂ ಹೇಗೆ?

ಹೀಗಿರುವಾಗ ನಮ್ಮ ಹೆಡ್ ಮಿಸ್ಸು ನಿವೃತ್ತರಾದರು. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡು, ನನ್ನ ಎಷ್ಟೋ ತಪ್ಪುಗಳನ್ನು ನುಂಗಿಕೊಂಡವರು. ಬಿನ್ನವತ್ತಳೆ ಓದುವ ಗೌರವ ನನಗೇ ಬಂತು. ವೇದಿಕೆಯ ಮೇಲೆ ಅಚ್ಚಾದ ಆ ಹಾಳೆಯನ್ನು ತೋಳು ಎಟುಕುವಷ್ಟು ದೂರ ಹಿಡಿದೆ. ಬಳ್ಳಿಬಳ್ಳಿಯಾಗಿ ಹೆಣೆದ ಅಕ್ಷರಗಳು ನೀರಿಗೆ ಬಿದ್ದಂತೆ ಅಲ್ಲಾಡುತ್ತಿದ್ದವು. ಕಂಡಷ್ಟನ್ನು ಎತ್ತರದ ದನಿಯಲ್ಲಿ ಓದಿದೆ: "ಪೂಜ್ಯರೇ, ತಾವು ಈ ಶಾಲೆಯ ಹುಣ್ಣು!"

ಒಂಬತ್ತನೇ ತರಗತಿ 'ಬಿ' ಸೆಕ್ಷನ್ನಿನವರು ಜೋರಾಗಿ ಚಪ್ಪಾಳೆ ತಟ್ಟಿದರು. "ಕಣ್ಣು ಕಣ್ರೀ, ಕಣ್ಣು!" ಎಂದು ಅದನ್ನು ಬರೆದುಕೊಟ್ಟಿದ್ದ ಸಂಸ್ಕೃತದ ಮೇಷ್ಟ್ರು ಹಿಂದಿನಿಂದ ಪಿಸುಗುಟ್ಟಿದರು. ಹೆಡ್ ಮಿಸ್ಸು ತಮಗೆ ಹೊದಿಸಿದ್ದ ಶಾಲನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು. ಭೂಮಿ ಬಾಯಿ ಬಿಡಲಿಲ್ಲ.

ಮರುದಿನವೇ ಗಾಂಧಿಬಜಾರಿನ ಕನ್ನಡಕದಂಗಡಿಗೆ ಹೋದೆ. ಅಂಗಡಿಯ ಹಿರಿಯರು ಪರೀಕ್ಷೆ ಮಾಡಿ, "ಚಾಳೀಸು ಸಾರ್" ಎಂದರು. ನಾನು ಚಾಳಿಯ ವ್ಯಾಖ್ಯಾನ ಶುರುಮಾಡಿದೆ.

"ಚಾಳಿ ಅಲ್ಲ ಸಾರ್. ಹಿಂದೀಲಿ ಚಾಲೀಸ್ ಅಂದ್ರೆ ನಲವತ್ತು. ನಲವತ್ತಾದ್ಮೇಲೆ ಹತ್ತಿರದ್ದು ಕಾಣಲ್ಲ, ಅದಕ್ಕೇ ಆ ಹೆಸರು. ನಿಮಗೆಷ್ಟು?"

"ಐವತ್ತೊಂದು."

"ಇಷ್ಟು ವರ್ಷ ಏನು ಓದ್ತಿದ್ರಿ ಸಾರ್?"

ಕಣ್ಣೂ ಹೋಗಿತ್ತು, ಪಾಂಡಿತ್ಯವೂ ಹೋಯಿತು.

ಹೊಸ ಕನ್ನಡಕ ಏರಿಸಿಕೊಂಡು ಕ್ಷಮೆ ಕೇಳಲು ಗವಿಪುರದಲ್ಲಿರುವ ಹೆಡ್ ಮಿಸ್ಸಿನ ಮನೆಗೆ ಹೋದೆ. ಬಿನ್ನವತ್ತಳೆಗೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದರು. "ಹೋಗ್ಲಿ ಬಿಡಿ ಮೇಷ್ಟ್ರೇ. ನನಗೂ ಪೊರೆ ಬಂದು ಅಕ್ಷರ ಕಾಣಲ್ಲ, ಮುಂದಿನ ತಿಂಗಳು ಆಪರೇಷನ್ನು. ಈಗ ಒಂದ್ಸಲ ಸರಿಯಾಗಿ ಓದ್ಬಿಡಿ, ಕೇಳಿಸ್ಕೋತೀನಿ" ಎಂದರು.

ಹತ್ತಿರ ಹೋದೆ. ಒತ್ತು, ಕೊಂಬು ಎಲ್ಲ ನಿಚ್ಚಳವಾಗಿ ಕಂಡವು: ಹುಣ್ಣು. ಅಚ್ಚಾಗಿದ್ದೇ ಹಾಗೆ! ಅಂದು ನಾನು ತಪ್ಪು ಓದಿರಲಿಲ್ಲ. ಆದರೆ ಸಂತೋಷಪಡುವಂತೆಯೂ ಇರಲಿಲ್ಲ. ಅಚ್ಚಿಗೆ ಮುಂಚೆ ಕರಡು ತಿದ್ದಿಕೊಟ್ಟವನು ನಾನೇ.

"ತಾವು ಈ ಶಾಲೆಯ ಕಣ್ಣು" ಎಂದು ಗಟ್ಟಿಯಾಗಿ ಓದಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಿ, ಕನ್ನಡಕ ಬಂದ್ಮೇಲೆ ಎಷ್ಟು ಚೆನ್ನಾಗಿ ಓದ್ತೀರಿ!"

ಬಾಗಿಲವರೆಗೂ ಬಂದು ಬೀಳ್ಕೊಡುತ್ತಾ, "ನನ್ನ ಮೊಮ್ಮಗಳಿಗೂ ಓದೋ ಹುಚ್ಚು. ಈಗ ಒತ್ತಕ್ಷರಕ್ಕೆ ಬಂದಿದಾಳೆ. ಕಂಡ ಬೋರ್ಡನ್ನೆಲ್ಲ ಕೂಗಿ ಕೂಗಿ ಓದ್ತಾಳೆ" ಎಂದರು. ಅಂದಿನಿಂದ ನಾನು, ಐವತ್ತೊಂದು ವರ್ಷದ ಮರ್ಯಾದಸ್ಥ ಮೇಷ್ಟ್ರು, ಆ ಕಟ್ಟನ್ನು ಗೋಡೆಯಿಂದ ಹೇಗೆ ಕದಿಯಬಹುದೆಂದು ಯೋಚಿಸುತ್ತಿದ್ದೇನೆ.