ಸಾಹುಕಾರರ ಕಾರಿಗೆ ದೊಡ್ಡ ಡೈನಮೋ

ಗಾಡಿಗಳ ವಯರಿಂಗ್ ಮಾಡುತ್ತ ಮುದುಕನಾದೆ. ಅಂಗಡಿ ಗಂಗಾವತಿಯಲ್ಲಿ, ರೈಸ್ ಮಿಲ್ಲುಗಳ ಸಾಲಿನ ಕೊನೆಗೆ. ನಾನು ಹೆಚ್ಚು ಮಾತಾಡುವವನಲ್ಲ. ಆದರೆ ಮಾತಾಡಿಸುವ ಗಿರಾಕಿಗಳೇ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಒಂದು ಗಾಡಿ ಸುಮ್ಮನೆ ಕೆಟ್ಟು, ಸುಮ್ಮನೆ ರಿಪೇರಿಯಾಗಿ, ಸುಮ್ಮನೆ ಮನೆಗೆ ಹೋದದ್ದು ನನಗೆ ನೆನಪಿಲ್ಲ. ಈಚೆಗೆ ಬಂದ ಒಂದೇ ಕಾರಿನ ಕತೆ ಹೇಳುತ್ತೇನೆ. ಸಾಕು.

ಉಳಿದದ್ದು

ಒಂದು ಬೆಳಿಗ್ಗೆ ಮಿಲ್ಲಿನ ಸಾಹುಕಾರರೊಬ್ಬರು ಬಂದರು. ಅವರ ಹಳೆಯ ಅಂಬಾಸಿಡರ್ ಕಾರೂ ಬಂತು. ಅದರ ಮುಂದೆ ಟ್ರ್ಯಾಕ್ಟರ್ ಇತ್ತು, ನಡುವೆ ಹಗ್ಗ ಇತ್ತು.

“ಮಿಸ್ತ್ರಿ, ಇದು ನಮ್ಮಪ್ಪನ ಗಾಡಿ. ನಮ್ಮ ಮನಿ ಹೆಣ್ಮಕ್ಕಳು ಗಂಡನ ಮನಿಗೆ ಹೋಗೂದು ಇದರಾಗಽ. ಈಗ ನಡುವಿನಾಕಿ ಲಗ್ನ ಐತಿ. ಕುಷ್ಟಗಿಗೆ ಕೊಟ್ಟೇವಿ. ಅಲ್ಲಿ ಮುಟ್ಟೂತನಕಾ ಗಾಡಿ ಎಲ್ಲೂ ನಿಂದ್ರಬಾರ್ದು.”

ಹಿರಿಯ ಮಗಳನ್ನು ಯಲಬುರ್ಗಾಕ್ಕೆ ಕೊಟ್ಟಿದ್ದರು. ಆಗ ಕಾರು ಇಟಗಿ ಕ್ರಾಸಿನ ಹತ್ತಿರ ನಿಂತುಬಿಟ್ಟಿತು. ಮದುಮಗಳು ಮೇವು ಹೇರಿದ ಟ್ರ್ಯಾಕ್ಟರಿನಲ್ಲಿ ಅತ್ತೆಯ ಮನೆ ಸೇರಿದಳು. ಬೀಗರು ಇವತ್ತಿಗೂ ಪಂಚಮಿ ಬಂತೆಂದರೆ ಫೋನ್ ಮಾಡಿ ಕೇಳುತ್ತಾರಂತೆ: “ಮಗಳನ್ನ ಕರಿಯಾಕ ನೀವು ಬರ್ತೀರೋ, ಮೇವಿನ ಜೋಡಿ ನಾವಽ ಹೇರಿ ಕಳಸೂಣೋ?”

“ಇದಽ ಮಾತು ಕುಷ್ಟಗಿ ಬೀಗರ ಬಾಯಾಗೂ ಬಂತಂದ್ರ ನಾ ತಲಿ ಎತ್ತಿ ಅಡ್ಡಾಡಂಗಿಲ್ಲ,” ಎಂದರು ಸಾಹುಕಾರರು.

ಬಾನೆಟ್ ಎತ್ತಿದೆ. ಹಳೆಯ ಪೆಟ್ರೋಲ್ ಎಂಜಿನ್ ಇರಲಿಲ್ಲ. ಪಿಕಪ್ ಗಾಡಿಯ ಡೀಸೆಲ್ ಎಂಜಿನ್ ಕೂತಿತ್ತು. ಎಸಿ ಇತ್ತು. ತಲೆಯ ಮೇಲೆ ಸಾಲು ದೀಪ. ಡಿಕ್ಕಿಯ ತುಂಬ ಸ್ಪೀಕರು. ಬಸ್ಸಿನ ಹಾರ್ನು. ಸೀಟು ಬೇರೆ ಗಾಡಿಯದು, ಸ್ಟೇರಿಂಗ್ ಇನ್ನೊಂದರದು. ಇಷ್ಟಕ್ಕೂ ಕರೆಂಟು ಹುಟ್ಟಿಸಲು ಒಂದು ಸಣ್ಣ ಹಳೆಯ ಆಲ್ಟರ್ನೇಟರ್. ನಮ್ಮ ಕಡೆ ಅದಕ್ಕೆ ಇನ್ನೂ ಡೈನಮೋ ಎಂದೇ ಹೆಸರು.

“ಸಾಹುಕಾರ್ರ, ನಿಮ್ಮಪ್ಪಾರ ಗಾಡಿಯೊಳಗ ನಿಮ್ಮಪ್ಪಾರದು ಏನು ಉಳದೈತ್ರಿ?”

ಅವರು ಕಾರಿಗೆ ಒಂದು ಸುತ್ತು ಹಾಕಿ ಬಂದರು.

“ಬಾಗಲಾ.”

“ನಾಲ್ಕೂ?”

“ಮೂರು.”

ಗೇಟು

ದೊಡ್ಡ ಡೈನಮೋ ಹಾಕಬೇಕು ಎಂದೆ. ಯಾಕೆ ಎಂದರು. ಹೇಳಿದೆ.

“ಡೈನಮೋ ಅಂದ್ರ ಡ್ಯಾಮು. ಬ್ಯಾಟರಿ ಅಂದ್ರ ಕೆರಿ. ನೀವು ಕಾಲುವಿ ಉದ್ದಕ್ಕೂ ಪಂಪ್ ಇಟ್ಟು ನೀರು ಎಳಿಯಾಕತ್ತೀರಿ. ಡ್ಯಾಮು ಸಣ್ಣದು. ಕೆರಿ ಒಣಗೈತಿ.”

ಭತ್ತ ಬೆಳೆಯುವವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು. ಮರುದಿನ ಮುನಿರಾಬಾದಿನಿಂದ ಅವರ ಮಾವನವರನ್ನು ಕರೆಸಿದರು. ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಮಾಡಿ ನಿವೃತ್ತರಾದವರು. ನೀರಿನ ವಿಷಯ ಅಂದಮೇಲೆ ತಿಳಿದವರೊಬ್ಬರು ಎದುರಿಗಿರಲಿ ಎಂದು.

ಮಾವನವರು ಕುರ್ಚಿ ಹಾಕಿಕೊಂಡು ಹೊಸ ಡೈನಮೋದ ಮುಂದೆ ಕೂತರು. ಅತ್ತ ಇತ್ತ ತಿರುಗಿಸಿ ನೋಡಿದರು.

“ಗೇಟ್ ಎಲ್ಲೈತ್ರಿ?”

ಹಿಂದುಗಡೆಯ ರೆಗ್ಯುಲೇಟರ್ ತೋರಿಸಿದೆ. ಕರೆಂಟು ಎಷ್ಟು ಬೇಕೋ ಅಷ್ಟೇ ಬಿಡುತ್ತದೆ ಎಂದೆ.

“ಎತ್ತಾವ್ರು ಯಾರು?”

“ಅದಽ ಎತ್ತತೈತಿ. ಅದಽ ಇಳಸತೈತಿ.”

“ಯಾರ ಆರ್ಡರ್ ಮ್ಯಾಲ?”

“ಯಾರದೂ ಇಲ್ರಿ.”

ಅವರು ಎದ್ದು ನಿಂತರು. ಅಳಿಯನನ್ನು ಪಕ್ಕಕ್ಕೆ ಕರೆದರು. ನನಗೂ ಕೇಳಿಸುವಂತೆ ಹೇಳಿದರು.

“ಮ್ಯಾಲಿನ ಆರ್ಡರ್ ಇಲ್ದ ಗೇಟ್ ಎತ್ತೂದು ಹಿಂದಿನಿಂದ ಭಾಳ ತ್ರಾಸ್ ಕೊಡ್ತೈತಿ. ನನ್ನ ಹೆಸರು ಇದರಾಗ ಎಲ್ಲೂ ಬರಬಾರ್ದು.”

ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು.

ಡಬ್ಬಿ

ಹೊಸ ಡೈನಮೋ ಆಂಬುಲೆನ್ಸಿಗೆ ಹಾಕುವಂಥದ್ದು. ಈ ಎಂಜಿನ್ನಿನ ಮೇಲೆ ಅದು ಕೂರುವುದಿಲ್ಲ. ಕೊಪ್ಪಳಕ್ಕೆ ಹೋಗಿ ಲೇತ್ ಅಂಗಡಿಯಲ್ಲಿ ಬ್ರಾಕೆಟ್ ಮಾಡಿಸಿದೆ. ಪುಲ್ಲಿಗಳು ಒಂದೇ ಗೆರೆಗೆ ಬರಲಿಲ್ಲ. ಹಾಗೇ ಬಿಟ್ಟರೆ ಬೆಲ್ಟು ಹರಿಯುತ್ತದೆ. ಮತ್ತೆ ಹೋದೆ. ಬ್ಯಾಟರಿಗೆ ಬೆರಳು ದಪ್ಪದ ಹೊಸ ವಯರ್ ಎಳೆದೆ. ಸೊಂಟ ಹಿಡಿಯಿತು. ಆದರೆ ಎಲ್ಲ ಕೂತಿತು.

ಅಷ್ಟರಲ್ಲಿ ಸಾಹುಕಾರರ ತಾಯಿ ರಿಕ್ಷಾದಲ್ಲಿ ಬಂದಿಳಿದರು. ಎಂಬತ್ತು ದಾಟಿದವರು. ನನ್ನನ್ನೂ ತಮ್ಮಾ ಎನ್ನುತ್ತಾರೆ.

“ತಮ್ಮಾ, ಆಂಬುಲೆನ್ಸಿಂದು ಹಾಕೀಯಂತ? ಹುಡುಗಿ ಗಂಡನ ಮನಿಗೆ ಹೊಂಟಾಳೋ, ದವಾಖಾನಿಗೆ ಹೊಂಟಾಳೋ?”

“ಹೊಸಾದೈತ್ರಿ ಅವ್ವಾರ. ಯಾವ ಆಂಬುಲೆನ್ಸಿಗೂ ಹಾಕಿದ್ದಲ್ಲ.”

“ಹಾಕದಿದ್ರೂ ಗುಣಾ ಅದಽ ಅಲ್ಲೇನು? ತಡಿ, ಪೂಜಿ ಮಾಡ್ತೀನಿ.”

ಬ್ಯಾಡ ಎನ್ನುವಷ್ಟರಲ್ಲಿ ವಿಭೂತಿ ಬಳಿದಾಗಿತ್ತು, ಕುಂಕುಮ ಹಚ್ಚಿಯಾಗಿತ್ತು. ಕಾಯಿಯನ್ನು ಬ್ರಾಕೆಟ್ಟಿಗೇ ಬಡಿದು ಒಡೆದರು. ನೀರನ್ನು ಡೈನಮೋದ ಗಾಳಿ ಕಿಂಡಿಗಳೊಳಗೆ ಸುರಿದರು. ಕೈಮುಗಿದರು.

ಡೈನಮೋ ಇಳಿಸಿದೆ. ಬಿಚ್ಚಿದೆ. ತೊಳೆದೆ. ಬಿಸಿಲಿಗೆ ಒಣಗಿಸಿದೆ. ಮತ್ತೆ ಕೂರಿಸಿದೆ. ಮುದುಕಿ ಅಲ್ಲೇ ಕೂತು ನೋಡುತ್ತಿದ್ದರು.

“ತೊಳದ ಮ್ಯಾಲ ಪೂಜಿ ಹೋತಲ್ಲೋ ತಮ್ಮಾ. ಇನ್ನೊಮ್ಮಿ ಮಾಡಬೇಕು.”

ಡೈನಮೋ ಬಂದಿದ್ದ ರಟ್ಟಿನ ಡಬ್ಬಿಯನ್ನು ಅವರ ಮುಂದೆ ಇಟ್ಟೆ. “ಇದಕ್ಕ ಮಾಡ್ರಿ ಅವ್ವಾರ. ಹುಟ್ಟಿದ ಮನಿ ಅದರದು.”

ಒಪ್ಪಿದರು. ಆ ಡಬ್ಬಿ ಈಗ ಕಾರಿನ ಮುಂದಿನ ಗಾಜಿನ ಹತ್ತಿರ ಕೂತಿದೆ. ಸೋಮವಾರಕ್ಕೊಮ್ಮೆ ಅದಕ್ಕೆ ಊದಿನಕಡ್ಡಿ. ಡೈನಮೋಕ್ಕೆ ಏನೂ ಇಲ್ಲ. ಅದು ಪಾಪ ಸುಮ್ಮನೆ ದುಡಿಯುತ್ತದೆ.

ಕೀಲಿ

ಕಾರಿನ ಡ್ರೈವರ್ ಸಾಹುಕಾರರ ತಂದೆಯ ಕಾಲದವನು. ಕಾರು ಕೀಲಿಯಿಂದ ಚಾಲೂ ಆಗುವುದನ್ನು ಅವನು ಮರೆತೇ ಎಷ್ಟೋ ವರ್ಷವಾಗಿತ್ತು. ಉರುಳಿಸಿ ಚಾಲೂ ಮಾಡಲು ಇಳಿಜಾರಿದ್ದಲ್ಲಿ ಮಾತ್ರ ನಿಲ್ಲಿಸುತ್ತಿದ್ದ. ಗಂಗಾವತಿಯಲ್ಲಿ ಇಳಿಜಾರು ಎಲ್ಲಿದೆ? ಸುತ್ತ ಗದ್ದೆ. ಅದಕ್ಕೆ ಕಾರನ್ನು ಕಾಲುವೆ ಏರಿಯ ಮೇಲೆ ನಿಲ್ಲಿಸಿ, ಅಲ್ಲಿಂದ ಮನೆಗೆ ನಡೆಯುತ್ತಿದ್ದ. ಹಿಂದೆ ಸಾಹುಕಾರರೂ ನಡೆಯುತ್ತಿದ್ದರು.

ಅವನನ್ನು ಕೂರಿಸಿಕೊಂಡು ಕನಕಗಿರಿ ರಸ್ತೆಯಲ್ಲಿ ಒಂದು ಟ್ರಯಲ್ ಹೊರಟೆ. ಎಸಿ, ದೀಪ, ಹಾಡು ಎಲ್ಲ ಹಚ್ಚಿಸಿದೆ. ಕರೆಂಟು ತೋರಿಸುವ ಮೀಟರಿನ ಮುಳ್ಳು ಕೆಳಗಿಳಿಯಲಿಲ್ಲ. ಚಹದ ಅಂಗಡಿ ಮುಂದೆ ನಿಲ್ಲಿಸು ಎಂದೆ. ನಿಲ್ಲಿಸಿದ. ಎಂಜಿನ್ ಬಂದ್ ಮಾಡಲಿಲ್ಲ.

“ಬಂದ್ ಮಾಡೋ.”

“ಮತ್ತ ಚಾಲೂ ಮಾಡಾವ್ರು ಯಾರ್ರಿ? ನಿಮ್ಮ ಕೈಯಾಗ ನೂಕೂದು ಆಗತೈತೇನು?”

“ಕೀಲಿ ಐತಿ.”

“ಐತಿ. ಬಾಗಲಾ ತಗಿಯಾಕ.”

ಕೈ ಚಾಚಿ ನಾನೇ ಬಂದ್ ಮಾಡಿದೆ. ಅವನ ಮುಖ ಸಣ್ಣದಾಯಿತು. ಕಾರಿನ ಕಡೆಗೇ ನೋಡುತ್ತ ಚಹ ಕುಡಿದ. ಕುಡಿದು ಬಂದು ಕೀಲಿ ತಿರುಗಿಸು ಎಂದೆ. ಕಣ್ಣು ಮುಚ್ಚಿ ತಿರುಗಿಸಿದ. ಎಂಜಿನ್ ಗುಡುಗಿತು.

ಅವನು ಥಟ್ಟನೆ ಹಿಂದಕ್ಕೆ ತಿರುಗಿ ನೋಡಿದ.

“ಯಾರು ನೂಕಿದ್ರು?”

ಅವತ್ತಿನಿಂದ ಅವನಿಗೆ ಅದೇ ಆಟವಾಯಿತು. ಊಟದ ನಡುವೆ ಎದ್ದು ಹೋಗಿ ಒಮ್ಮೆ ಚಾಲೂ ಮಾಡಿ ಬಂದು ಕೂರುತ್ತಿದ್ದ.

ಬೀಳ್ಕೊಡುವುದು

ಮದುವೆಯಾಯಿತು. ಹುಡುಗಿಯನ್ನು ಕಳಿಸುವ ಹೊತ್ತು. ನನ್ನನ್ನು ಬೋಲ್ಟು ಬಿಚ್ಚುವ ಪಾನಾ, ಹಳೆಯ ಡೈನಮೋ, ಒಂದು ಬ್ಯಾಟರಿ ಸಮೇತ ಮಿಲ್ಲಿನ ಪಿಕಪ್ಪಿನಲ್ಲಿ ಕೂರಿಸಿದ್ದರು. ಕಾರು ನಿಂತರೆ ಕೂಡಲೇ ನಾನು ಇಳಿಯಬೇಕು.

ಮದುಮಗಳು ಹಿಂದಿನ ಸೀಟಿನಲ್ಲಿ ಕೂತಳು. ಡ್ರೈವರ್ ಕೀಲಿಗೆ ಕೈ ಹಾಕಿದ. ಆಗ ಮುದುಕಿ ಕೂಗಿದರು.

“ನೂಕ್ರೋ! ನೂಕದ ಹೆಂಗ ಕಳಸ್ತೀರಿ?”

ಆ ಮನೆಯಲ್ಲಿ ಪ್ರತಿ ಮದುವೆಗೂ ಕಾರು ನೂಕಿಯೇ ಹೊರಟದ್ದು. ನೂಕಿ ನೂಕಿ ಅದು ಶಾಸ್ತ್ರವಾಗಿತ್ತು. ನಡುವೆ ಅಳಿಯ, ಅತ್ತ ಇತ್ತ ಹುಡುಗಿಯ ಅಣ್ಣತಮ್ಮಂದಿರು. ಕಾರು ಚಾಲೂ ಆದಮೇಲೆ ಅಳಿಯ ಓಡಿ ಹೋಗಿ ಹತ್ತಬೇಕು.

“ಅವ್ವಾರ, ಈಗ ಕೀಲಿಯಿಂದಽ ಆಗತೈತಿ,” ಎಂದೆ.

“ಆಗ್ಲಿ. ನೂಕಿದ ಮ್ಯಾಲ ಆಗ್ಲಿ. ಅಳಿಯ ಬೆವರು ಸುರಿಸದಽ ಹೆಣ್ಣು ಒಯ್ಯೂದು ನಮ್ಮ ಮನ್ಯಾಗಿಲ್ಲ.”

ಅಳಿಯ ರೇಷ್ಮೆ ಅಂಗಿಯ ತೋಳು ಮಡಚಿದ. ಎಲ್ಲರೂ ಬಗ್ಗಿದರು. ಡ್ರೈವರ್ ಹಳೆಯ ರೂಢಿಯಂತೆ ಗೇರ್ ಹಾಕಿ, ಕ್ಲಚ್ ಒತ್ತಿ ಕೂತಿದ್ದ. ಹಿಂದಿನಿಂದ “ಹೂಂ!” ಎಂದರು. ಅವನು ಹೊಸ ರೂಢಿಯಂತೆ ಕೀಲಿ ತಿರುಗಿಸಿದ. ಕ್ಲಚ್ ಬಿಟ್ಟ.

ಕಾರು ಹಾರಿತು. ಅಳಿಯ ಬಿದ್ದ. ಅಳಿಯನ ಮೇಲೆ ಅಣ್ಣತಮ್ಮಂದಿರು ಬಿದ್ದರು. ಕಾರಿನ ಹಿಂದಿನ ಗಾಜಿಗೆ ಪೂರ್ತಿ ಚೆಂಡುಹೂವಿನ ಸರ ಬಿಟ್ಟಿದ್ದರು. ಡ್ರೈವರನಿಗೆ ಏನೂ ಕಾಣಲಿಲ್ಲ. ಹಾಡು ಜೋರಾಗಿತ್ತು, ಹೊರಗಿನವರ ಕೂಗು ಕೇಳಲೂ ಇಲ್ಲ. ಹೊರಟೇ ಹೋದ.

ಬೇರೆ ಕಾರುಗಳಿಗೆ ಹುಡುಗಿಗೆ ಕೊಟ್ಟ ಪಾತ್ರೆ, ಭಾಂಡೆ ಸಾಮಾನಿನ ಟೆಂಪೋ ಅಡ್ಡ ನಿಂತಿತ್ತು. ದಾರಿಗೆ ಮುಖ ಮಾಡಿದ್ದು ನನ್ನ ಪಿಕಪ್ ಒಂದೇ. ಅಳಿಯ ಓಡಿ ಬಂದು ಹತ್ತಿದ. ಕೂರಲು ಜಾಗವಿರಲಿಲ್ಲ. ಹಳೆಯ ಡೈನಮೋವನ್ನು ತೊಡೆಯ ಮೇಲೆ ಇಟ್ಟುಕೊಂಡ.

ಕನಕಗಿರಿ ದಾಟಿತು, ತಾವರಗೇರಾ ದಾಟಿತು. ಕಾರು ಸಿಗಲಿಲ್ಲ. ಅಷ್ಟು ಚೆನ್ನಾಗಿ ಆ ಕಾರು ಯಾವತ್ತೂ ಓಡಿರಲಿಕ್ಕಿಲ್ಲ.

ಕುಷ್ಟಗಿಯ ಮನೆ ಮುಂದೆ ಹುಡುಗಿ ಒಬ್ಬಳೇ ನಿಂತಿದ್ದಳು. ಅವಳ ಅತ್ತೆಯ ಕೈಯಲ್ಲಿ ಆರತಿ ತಟ್ಟೆ ಹಾಗೇ ಇತ್ತು. ಡ್ರೈವರನನ್ನು ಜನ ಸುತ್ತುಗಟ್ಟಿದ್ದರು.

“ಆಕಿ ಒದರಿದ್ದು ಕೇಳಸಲಿಲ್ಲೇನೋ ನಿನಗ?”

“ಕೇಳಿಸ್ತ್ರಿ. ತವರುಮನಿ ಬಿಟ್ಟು ಹೊಂಟಾಳ, ಅಳಾಕತ್ತಾಳ ಅಂತ ತಿಳದೆ. ಸಮಾಧಾನ ಆಗ್ಲಿ ಅಂತ ಹಾಡು ಇನ್ನಷ್ಟು ಜೋರ್ ಮಾಡಿದ್ನ್ರಿ.”

“ನನ್ನ ಮಗ ಎಲ್ಲಿ?” ಎಂದು ಅತ್ತೆ ಕೇಳಿದರು.

“ಹಿಂದ ಅದಾರ್ರಿ. ನೂಕಾಕತ್ತಾರ.”

ಅಳಿಯ ಪಿಕಪ್ಪಿನಿಂದ ಜಿಗಿದು ಓಡಿ ಹೋಗಿ ಹುಡುಗಿಯ ಪಕ್ಕ ನಿಂತ. ಅವಸರದಲ್ಲಿ ಡೈನಮೋ ಕೈಯಲ್ಲೇ ಉಳಿದಿತ್ತು. ಅತ್ತೆ ಒಂದು ಕ್ಷಣ ನೋಡಿದರು. ಹುಡುಗಿಯ ತವರಿನ ಕಡೆಯ ಪದ್ಧತಿ ಇರಬೇಕು ಎಂದುಕೊಂಡರೋ ಏನೋ. ಆರತಿ ಮೂವರಿಗೂ ಎತ್ತಿದರು.

ಸಾಹುಕಾರರು ಆಮೇಲೆ ಬಂದು ಮುಟ್ಟಿದರು. ಮುಖ ಕೆಂಪಾಗಿತ್ತು. ನೇರ ನನ್ನ ಹತ್ತಿರ ಬಂದರು. ಅವರು ಬಾಯಿ ತೆಗೆಯುವ ಮೊದಲೇ ಹೇಳಿದೆ.

“ಕುಷ್ಟಗಿ ಮುಟ್ಟೂತನಕಾ ನಿಂದ್ರಬಾರ್ದು ಅಂದಿದ್ರಿ. ನಿಂತಿಲ್ಲ.”

ಅವರು ಬೀಗರ ಕಡೆ ನೋಡಿದರು. ಅಲ್ಲಿ ಯಾರೂ ಕಾರಿನ ಬಗ್ಗೆ ಮಾತಾಡುತ್ತಿರಲಿಲ್ಲ. ಎಲ್ಲರೂ ಡೈನಮೋ ಹಿಡಿದು ನಿಂತ ಅಳಿಯನನ್ನು ನೋಡಿ ನಗುತ್ತಿದ್ದರು. ಸಾಹುಕಾರರು ನನ್ನ ಕಿವಿಯ ಹತ್ತಿರ ಬಂದರು.

“ಮಿಸ್ತ್ರಿ, ಆ ಹಳೇ ಡೈನಮೋ ಒಗೀಬ್ಯಾಡ್ರಿ. ಸಣ್ಣಾಕಿ ಲಗ್ನ ಇನ್ನೂ ಐತಿ, ಆ ಅಳಿಯನ ಕೈಗೂ ಕೊಡೂಣು.”