ಕೀಲಿಯ ಅತಿ ಸ್ಪಷ್ಟ ಚಿತ್ರದ ವಿಷಯ

ಸಣ್ಣ ವ್ಯಾಪಾರಿಗಳಿಗೆ ಮೊಬೈಲಿನ ಚಿತ್ರ, ಧ್ವನಿ, ವಿಡಿಯೋ ಸಂದೇಶಗಳ ರೂಢಿ ಮಾಡಿಸುವ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಫೋನಿನ ಬ್ಯಾಟರಿ ಸದಾ ತುಂಬಿರಲಿ ಎಂದು ಹಾರೈಸುತ್ತ, ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಇಪ್ಪತ್ತೆರಡು ವರ್ಷಗಳಿಂದ ಬೀಗ ರಿಪೇರಿ ಮಾಡಿಕೊಂಡಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ತಾವು ನನ್ನ ಅಂಗಡಿಗೆ ದಯಮಾಡಿಸಿದ ದಿನ, ಕೂರಲು ಜಾಗವಿಲ್ಲದೆ ನಿಂತೇ, ಬಾಯಿಮಾತಿನಲ್ಲಿ ವ್ಯಾಪಾರ ಬೆಳೆಯುವ ಕಾಲ ಮುಗಿಯಿತೆಂದೂ, ಮಾಡಿದ ಪ್ರತಿ ಕೆಲಸದ ಚಿತ್ರವನ್ನು ಗಿರಾಕಿಯ ಹೆಸರು, ಬೀದಿ ಸಮೇತ ಬಡಾವಣೆಯ ಗ್ರೂಪಿಗೆ ಕಳಿಸಬೇಕೆಂದೂ ವಿವರಿಸಿದಿರಿ. ಕೀಲಿ ಮಾಡುವುದು ನನ್ನ ಅರ್ಧ ಕಸುಬು, ಮಾಡಿದ್ದನ್ನು ಮರೆಯುವುದು ಇನ್ನರ್ಧ ಎಂದು ಹೇಳಬೇಕೆನಿಸಿತ್ತು. ಹಿಂದುಳಿದವನ ಮಾತಾದೀತೆಂದು ತಾವು ಹೇಳಿದಂತೆಯೇ ಫೋನು ಕೈಗೆತ್ತಿಕೊಂಡೆ.

ಚಿತ್ರಗಳು ಚೆನ್ನಾಗಿ ಬಂದವು. ಬಿಳಿ ಹಾಳೆಯ ಮೇಲೆ ಕೀಲಿ, ಪಕ್ಕದಲ್ಲಿ ಅಳತೆಪಟ್ಟಿ. ಅದು ತಾವು ಹೇಳಿದ್ದಲ್ಲ, ಕಸುಬುದಾರನ ಅಭಿಮಾನ. ಅಷ್ಟು ಸ್ಪಷ್ಟವಾದ ಚಿತ್ರ ಕೈಯಲ್ಲಿದ್ದರೆ ಯಾವ ಕೀಲಿಯವನಾದರೂ ಅಂಥದೇ ಇನ್ನೊಂದನ್ನು ಮಾಡಿಕೊಟ್ಟಾನು.

ಹಿಂದಿನ ಬೀದಿಯ ಟೀಚರಮ್ಮ, ಗಂಡ ತೀರಿಕೊಂಡ ಮೇಲೆ ಮೈದುನ ಹೇಳದೆ ಕೇಳದೆ ಒಳನುಗ್ಗಿ ಕಪಾಟು ಜಾಲಾಡುತ್ತಾನೆಂದು ನನ್ನಿಂದ ಹೊಸ ಬೀಗ ಹಾಕಿಸಿದ್ದರು. ಅದರ ಕೀಲಿಯ ಚಿತ್ರವನ್ನೂ ಹೆಸರು, ಬೀದಿ ಸಮೇತ ಕಳಿಸಿದೆ. ಗ್ರೂಪಿನಲ್ಲಿ ಮೈದುನನೂ ಇದ್ದ. ಮೂರನೆಯ ದಿನ ಶಾಲೆಯಿಂದ ಬಂದು ನೋಡಿದರೆ ಅವನು ಗಂಡನ ಕುರ್ಚಿಯಲ್ಲಿ ಕೂತು, “ಅತ್ತಿಗೆ, ಫೋಟೋ ಭಾರಿ ಚೆನ್ನಾಗಿತ್ತು” ಅಂದನಂತೆ. ತಮ್ಮ ಯೋಜನೆಗೆ ಇದಕ್ಕಿಂತ ಪ್ರಾಮಾಣಿಕವಾದ ಪ್ರಶಂಸೆ ಸಿಗಲಾರದು. ವಾರ್ಷಿಕ ವರದಿಯ ಮೊದಲ ಪುಟದಲ್ಲೇ ಹಾಕಿಸಿಕೊಳ್ಳಿ.

ನನ್ನ ಬೇಡಿಕೆ ಸಣ್ಣದು. ಗ್ರೂಪಿನ ಆರುನೂರ ಹದಿನಾಲ್ಕು ಜನರೂ ನೋಡಿದ್ದನ್ನು ಮರೆಯತಕ್ಕದ್ದು ಎಂದು ತಾವೊಂದು ಸುತ್ತೋಲೆ ಹೊರಡಿಸಬೇಕು. ಆಗದಿದ್ದರೆ, ಟೀಚರಮ್ಮ ಹೆಗಲ ಚೀಲವನ್ನೂ ಇಳಿಸದೆ ಸ್ವಂತ ಮನೆಯ ಹೊಸ್ತಿಲಲ್ಲೇ ನಿಂತಿದ್ದರಲ್ಲ, ಆ ಹೊತ್ತನ್ನು ಯಾವ ಗುಂಡಿ ಒತ್ತಿ ತಮಗೆ ಕಳಿಸಬೇಕೆಂದಾದರೂ ತಿಳಿಸಬೇಕು.

ನಿನ್ನೆ ಅವರು ಅಂಗಡಿಗೆ ಬಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬೇರೆ ಬೀಗ ಹಾಕಿಕೊಡುತ್ತೇನೆ, ಚಿತ್ರ ತೆಗೆಯುವುದಿಲ್ಲ ಎಂದೆ. “ನೀವು ಇದನ್ನ ಬಿಚ್ಚಿಕೊಡಿ, ಸಾಕು. ಹೊಸದನ್ನ ಬೇರೆಯವರ ಹತ್ರ ಹಾಕಿಸ್ಕೋತೀನಿ” ಎಂದರು. ಹೋಗಿ ಬಿಚ್ಚಿದೆ. ಕೊನೆಯ ಸ್ಕ್ರೂ ಬರುವವರೆಗೂ ಅವರು ನನ್ನ ಕೈಯ ಮೇಲಿನ ಕಣ್ಣು ತೆಗೆಯಲಿಲ್ಲ.

ಬೇರೆ ಯಾರ ವಿಶ್ವಾಸವೂ ಉಳಿಯದ ಕಾರಣ,
ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಕೀಲಿಯವನು

ವಿ.ಸೂ.: ಕಳೆದ ವಾರ ತಮ್ಮ ಕಚೇರಿಯ ಜವಾನರು ಮುಂಬಾಗಿಲಿಗೆ ಇನ್ನೊಂದು ಕೀಲಿ ಮಾಡಿಸಿಕೊಂಡು ಹೋದರು. ಚಿತ್ರ ಬಹಳ ಸ್ಪಷ್ಟವಾಗಿ ಬಂದಿದೆ. ಗ್ರೂಪಿಗೆ ಕಳಿಸಲು ತಮ್ಮ ಅಪ್ಪಣೆಗೆ ಕಾಯುತ್ತಿದ್ದೇನೆ.